ಕುರ್ಚಿ ಎಂಬ ಬೆಟ್ಟ

ನಮ್ಮೂರಿನ ನೆತ್ತಿಯ ಮೇಲಿನ ಬೆಟ್ಟಕ್ಕೆ ಸ್ಟೋಲ್ ಎಂದು ಹೆಸರು.
ಸ್ಲೊವೀನಿಯಾದ ನಮ್ಮ ಮಾತಿನಲ್ಲಿ ಹಾಗೆಂದರೆ ಕುರ್ಚಿ.
ಹೆಸರಿಟ್ಟವನು ದೂರದಿಂದ ನೋಡಿದವನೇ ಇರಬೇಕು.
ಹತ್ತಿದವರು ಯಾರೂ ಅಲ್ಲಿ
ಹೆಚ್ಚು ಹೊತ್ತು ಕೂತದ್ದು ನಾ ಕಾಣೆ;
ಗಾಳಿ ಕೂರಗೊಡುವುದಿಲ್ಲ.

ಕೂರುವುದು ನನ್ನ ಕೆಲಸ.
ಯೆಸೆನಿತ್ಸೆಯ ಉಕ್ಕಿನ ಕಾರ್ಖಾನೆಯಲ್ಲಿ
ಸೂರಿಗೆ ಅಂಟಿದ ಕ್ರೇನಿನ ಗಾಜಿನ ಗೂಡು,
ರಾತ್ರಿ ಹತ್ತರಿಂದ ಬೆಳಗಿನ ಆರು.
ಕೆಳಗೆ ಕೆಂಪಗೆ ಕಾದ ಹಲಗೆ. ನನ್ನ ಹೆಬ್ಬೆರಳು ಅಲುಗಿದರೆ
ಹದಿನೆಂಟು ಟನ್ನು ಅಲುಗುತ್ತದೆ.
ಕಾಲಿಗೆ ಕೆಲಸವಿಲ್ಲ.

"ರಾತ್ರಿಯೆಲ್ಲ ಮೇಲೇ ಇರುತ್ತೀಯಲ್ಲ ಯೆರ್ನೇಯಾ,
ಬೆಳಗಾದರೆ ಇನ್ನು ಯಾವ ಮೇಲಕ್ಕೆ?"
ಪಾಳಿ ಬದಲಿಸುವ ಮುದುಕ ಸ್ರೆಚ್ಕೊ ಕೇಳುತ್ತಾನೆ.
ಮೇಲಿರುವುದು ಬೇರೆ, ಏರುವುದು ಬೇರೆ,
ಎನ್ನಬೇಕೆನಿಸುತ್ತದೆ. ಅಂದರೆ
ಕ್ಯಾಲೆಂಡರಿನ ಚಿತ್ರದ ಕೆಳಗಿನ ಬರಹವಾದೀತು.
"ಬೆನ್ನು ಹಿಡಿಯುತ್ತೆ" ಅನ್ನುತ್ತೇನೆ.

ಸೆಪ್ಟೆಂಬರಿಗೆ ಓಟ.
ಗಡಿಯ ಏಣಿನ ಮೇಲೆ, ಎಡಗಾಲು ಆಸ್ಟ್ರಿಯಾದಲ್ಲಿ
ಬಲಗಾಲು ನಮ್ಮಲ್ಲಿ, ಎಂಬತ್ತು ಕಿಲೋಮೀಟರು.
ಅದಕ್ಕೆ ಬೇಕಾದ ಗಂಟೆಗಳನ್ನು ಎಲ್ಲಿಂದ ತರಲಿ?
ನಿದ್ದೆಯಿಂದ ಒಂದು ಕದ್ದೆ,
ಭಾನುವಾರದ ಅತ್ತೆಮನೆಯ ಊಟದಿಂದ ಎರಡು.
ಲೋವ್ರೊ ಈಜು ಕಲಿಯುವ ಹೊತ್ತಿನಲ್ಲಿ
ಕೊಳದ ಹಿಂದಿನ ಮೆಟ್ಟಿಲು, ನಲವತ್ತು ಸಲ.
ಅವನು ಮೊದಲ ಬಾರಿ ತಲೆ ಮುಳುಗಿಸಿ ಎದ್ದು
ಗಾಜಿನಾಚೆ ನನ್ನನ್ನು ಹುಡುಕಿದಾಗ
ನಾನು ಮೂವತ್ತೊಂದನೆಯದರಲ್ಲಿದ್ದೆ.
ಇದನ್ನು ಯಾರ ಲೆಕ್ಕಕ್ಕೆ ಬರೆಯುವುದು?

ಮಿಟ್ಯಾ ಏನೂ ಅನ್ನುವುದಿಲ್ಲ.
ಶಾಲೆಯ ಬಾಯ್ಲರು ನೋಡಿಕೊಳ್ಳುವವನು,
ಮುಳ್ಳು ಎಲ್ಲಿಗೆ ಬಂದರೆ ಆವಿ ಬಿಡಬೇಕೆಂದು ಬಲ್ಲವನು.
ನನ್ನ ಕೆಸರಿನ ಬೂಟು ಬಾಗಿಲಾಚೆ ಇಡುತ್ತಾನೆ,
ಸೂಪಿನ ಪಾತ್ರೆಗೆ ತಟ್ಟೆ ಮುಚ್ಚುತ್ತಾನೆ.
ಮುಚ್ಚುವ ಸದ್ದಿನಲ್ಲಿ ಮಾತ್ರ ಏನೋ ಇರುತ್ತದೆ.
ನೀನೂ ಬಾ ಎಂದರೆ ಮಂಡಿ ತೋರಿಸುತ್ತಾನೆ.
ಹನ್ನೆರಡು ವರ್ಷದಿಂದ ಅದೇ ಮಂಡಿ.

ಜುಲೈ ಕೊನೆಯ ಗುರುವಾರ, ಪಾಳಿ ಮುಗಿಸಿ,
ಜೇಬಿನಲ್ಲಿ ಎರಡು ಒಣ ಅಂಜೂರ,
ತುದಿ ಮುಟ್ಟಿದಾಗ ಒಂಬತ್ತಕ್ಕೆ ಐದು ನಿಮಿಷ.
ಹಳದಿ ಕೊಕ್ಕಿನ ಕಾಗೆಗಳೆರಡು
ತಿಂಡಿಗೆ ಮೊದಲೇ ಬಂದು ಕಾದಿದ್ದವು.
ಕಲ್ಲಿಗೆ ಬಿಗಿದ ತಗಡಿನ ಪೆಟ್ಟಿಗೆಯಲ್ಲಿ
ಒಂದು ಮುದ್ರೆ, ಒಂದು ಪುಸ್ತಕ.
ಹೆಸರು, ಎಲ್ಲಿಂದ, ಎಲ್ಲಿಗೆ:
ಹತ್ತಿದವರು ಬರೆದು ಇಳಿಯುವುದು ವಾಡಿಕೆ.
ಪೆನ್ನು ಬರೆಯಲಿಲ್ಲ. ಅಂಗೈಯಲ್ಲಿ ಅದನ್ನು ಉಜ್ಜುತ್ತ
ಸುಮ್ಮನೆ ಹಿಂದಿನ ಹಾಳೆ ತಿರುವಿದೆ.

ಹನ್ನೆರಡು ದಿನದ ಹಿಂದಿನ ಶನಿವಾರ.
ನಾನು ಹಗಲು ಪಾಳಿಗೆ ಹೋಗಿದ್ದ ಶನಿವಾರ,
ಟೈರು ಬದಲಿಸಲು ಕ್ರಾನ್ಯಿಗೆ ಹೋಗಿದ್ದೆವೆಂದು ಅವನು ಹೇಳಿದ್ದ ಶನಿವಾರ.
ಮಿಟ್ಯಾನ ಅಕ್ಷರ, ಬಾಯ್ಲರಿನ ದಾಖಲೆಯಲ್ಲಿರುವಂತೆಯೇ
ದಪ್ಪ, ನೇರ. ಕೆಳಗೆ ಝಾಲಾ, ಬಾಲ ಬಿಟ್ಟು.
ಅದರ ಕೆಳಗೆ ಲೋವ್ರೊ;
ಕೊನೆಯ ಓ ಸಾಲಿಗೆ ಸಿಗದೆ ಆಸ್ಟ್ರಿಯಾದ ಕಡೆ ಉರುಳಿತ್ತು.
ಎಲ್ಲಿಂದ: ಮನೆಯಿಂದ.
ಎಲ್ಲಿಗೆ: ಅವಳು ಎಲ್ಲಿಗೆ ಹೋಗುತ್ತಾಳೆಂದು ನೋಡಲಿಕ್ಕೆ.
ಅಂಚಿನಲ್ಲಿ, ಬಹುಶಃ ಉಸಿರು ಸುಧಾರಿಸಿಕೊಂಡ ಮೇಲೆ:
ಇಲ್ಲಿ ಏನೂ ಇಲ್ಲ. ಬಹಳ ಚೆನ್ನಾಗಿದೆ.

ಆಮೇಲೆ ಒಂದೊಂದೇ ನೆನಪಾಯಿತು.
ಅವತ್ತು ರಾತ್ರಿ ಮಕ್ಕಳು ತಟ್ಟೆಯ ಮುಂದೆಯೇ ತೂಕಡಿಸಿದ್ದು.
ಮಿಟ್ಯಾನ ಹಿಮ್ಮಡಿಯ ಬೊಬ್ಬೆ.
ಶಾಲೆಯವರು ಕೊಟ್ಟ ಹೊಸ ಬೂಟು, ಅಂದಿದ್ದ.
ಬಾಗಿಲಲ್ಲಿ ಹಳೆಯ ಬೂಟೇ ಇದ್ದದ್ದು
ಕಾಣುವಷ್ಟು ಕಣ್ಣು ನನಗಿರಲಿಲ್ಲ;
ಇದ್ದ ಎರಡೂ ನಾಳೆಯ ಏರಿನ ಮೇಲಿದ್ದವು.

ಅಂದು ಮೊದಲ ಸಲ ಅಲ್ಲಿ ಕೂತೆ.
ಗಾಳಿ ಬೀಸುತ್ತಲೇ ಇತ್ತು. ಅಂಜೂರ ಎರಡನ್ನೂ
ಕಾಗೆಗಳೇ ತಿಂದವು.
ಕೆಳಗೆ ಸಾವಾ ನದಿ, ಕಾರ್ಖಾನೆಯ ಸೂರು, ಅದರಾಚೆ
ನಮ್ಮ ಮೂರನೆಯ ಮಹಡಿಯ ಕಿಟಕಿ.
ಕಾಣುವಷ್ಟು ಹತ್ತಿರವಲ್ಲ. ಆದರೂ.

ಮನೆಯಲ್ಲಿ ಏನೂ ಹೇಳಲಿಲ್ಲ.
ಗುಟ್ಟು ಅವನದು; ಆ ಮಂಡಿಯ ಮೇಲೆ
ಅಷ್ಟೆತ್ತರ ಹೊತ್ತವನೂ ಅವನೇ.
ಸಂಜೆ ಮೂರು ಜೊತೆ ಉಣ್ಣೆಯ ಕಾಲುಚೀಲ ತಂದು
ಅವರವರ ಬಟ್ಟೆಯ ನಡುವೆ ತುರುಕಿದೆ:
ನಲವತ್ನಾಲ್ಕು, ಮೂವತ್ತಾರು, ಮೂವತ್ತೊಂದು.
ಬಿಲ್ಲನ್ನು ಮಾತ್ರ ಜೇಬಿನಲ್ಲೇ ಮರೆತೆ.
ಬಟ್ಟೆ ಒಗೆಯುವ ಸರದಿ ಈ ವಾರ
ಮಿಟ್ಯಾನದು.