ಎಂಟು ಚುಕ್ಕಿ

ಜನವರಿ. ನಾಲ್ಕಕ್ಕೇ ಕತ್ತಲು.
ಹೀಯುಮಾ ದ್ವೀಪದ ಒಂದು ಅಡುಗೆಮನೆಯಲ್ಲಿ
ಲೀಲೋ ತನ್ನ ಪ್ಯಾಕೇಜಿಗೆ ಹೆಸರು ಹುಡುಕುತ್ತಿದ್ದಾಳೆ.
ಕಡಲು ಎಷ್ಟು ಹೆಪ್ಪುಗಟ್ಟಿದೆ, ಮೇಲೆ ಗಾಡಿ ಬಿಡಬಹುದೇ
ಲೆಕ್ಕ ಹಾಕಿ ಹೇಳುವ ಮುನ್ನೂರು ಸಾಲು ಕೋಡು.

ಯ್ಯಾ ಅಂದರೆ ಮಂಜುಗಡ್ಡೆ, ಆ್ಯರ್ ಅಂದರೆ ಅಂಚು.
ಕೂಡಿಸಿ ಬರೆದರೆ ಅವಳ ನುಡಿಯಲ್ಲಿ
ಒಂದೇ ಸ್ವರ ನಾಲ್ಕು ಸಲ, ಸಾಲಾಗಿ,
ಒಂದೊಂದರ ನೆತ್ತಿಗೂ ಎರಡೆರಡು ಚುಕ್ಕಿ—
ರಂಗೋಲಿಗೆಂದು ಇಟ್ಟು
ಎಳೆ ಬಿಡಿಸುವುದನ್ನೇ ಮರೆತಂತೆ.

ಭಂಡಾರ ಒಪ್ಪಲಿಲ್ಲ.
ಎಯಿಂದ ಝಡ್‌ವರೆಗೆ, ಅಂಕಿ, ಅಡ್ಡಗೆರೆ. ಅಷ್ಟೆ.
ದೊಡ್ಡಕ್ಷರ ಸಲ್ಲದು. ಚುಕ್ಕಿ ಸಲ್ಲದು.
ಚುಕ್ಕಿ ಒರೆಸಿದಳು.
ಉಳಿದದ್ದು ಬರೀ ಒಂದು ಆಕಳಿಕೆ.
ಅದೂ ಖಾಲಿಯಿಲ್ಲ! ಹನ್ನೊಂದು ವರ್ಷದ ಹಿಂದೆ
ಯಾರೋ ಹಿಡಿದಿಟ್ಟು ಹೋಗಿದ್ದಾರೆ,
ಒಳಗೆ ಒಂದು ಸಾಲೂ ಬರೆಯದೆ,
ಬಸ್ಸಿನ ಕಿಟಕಿಯಿಂದ ಸೀಟಿಗೆಸೆದ ಟವೆಲಿನ ಹಾಗೆ.

ಎಂಡೆಲ್ ಬಂದ, ಹಿಮದ ರಸ್ತೆ ಕಾಯುವವನು.
ಬೈರಿಗೆಯನ್ನು ಬಾಗಿಲ ಮೂಲೆಗೆ ಒರಗಿಸಿದ.
ಯಾವ ಪುಣ್ಯಾತ್ಮ ಮಾಡಿದನೋ ಈ ನಿಯಮ, ಅಂದಳು.
ಅವನು ಕೈಗವಸು ಕಳಚುತ್ತ ಅಂದ:
ನಮ್ಮ ರಸ್ತೆಯಲ್ಲೂ ಬೋರ್ಡಿದೆಯಲ್ಲ,
ಸೀಟ್ ಬೆಲ್ಟ್ ಕಟ್ಟಬೇಡಿ ಅಂತ.
ಇಪ್ಪತ್ತೈದರ ಒಳಗೆ ಹೋಗು, ಇಲ್ಲವೇ ನಲವತ್ತು ದಾಟು,
ನಡುವಿನ ವೇಗ ಬೇಡ.
ಕೂತು ಯೋಚಿಸಿ ಬರೆದದ್ದಲ್ಲ ಮಾರಾಯ್ತಿ.
ಒಂದೊಂದು ಸಾಲಿನ ಅಡಿಯಲ್ಲೂ
ಒಂದೊಂದು ಗಾಡಿ ಮುಳುಗಿದೆ.

ಲೀಲೋಗೆ ಹೋದ ಶರತ್ತು ನೆನಪಾಯಿತು:
ಒಂದೇ ಒಂದು ಅಕ್ಷರ ಹೆಚ್ಚಿದ್ದ ಹೆಸರು,
ಅವಸರದ ಬೆರಳು, ಮರುದಿನ ಬೆಳಿಗ್ಗೆ
ಬಂದರು ಕಚೇರಿಯ ಗುಪ್ತಪದಗಳೆಲ್ಲ ಯಾರದೋ ಪಾಲು.
ಆ ಬೆರಳು ಅವಳದೇ.
ಅದನ್ನು ಎಂಡೆಲ್‌ಗೆ ಹೇಳಲಿಲ್ಲ.

ಗಡ್ಡೆಗೂ ಅಂಚಿಗೂ ನಡುವೆ ಅಡ್ಡಗೆರೆ ಇಟ್ಟಳು.
ಒಪ್ಪಿತು.
ಎಂಡೆಲ್ ಕನ್ನಡಕ ಏರಿಸಿ ಬಗ್ಗಿದ,
ಚುಕ್ಕಿಯಿಲ್ಲದ್ದನ್ನು ಇದ್ದ ಹಾಗೇ ಓದಿದ.
ಯಾ ಅಂದರೆ ಅವರಲ್ಲಿ ಹೌದು.
ಆರ್ ಅಂದರೆ ನೂರು ಚದರ ಮೀಟರು.
"ಹೌದು, ಅಂಗೈಯಗಲ ನೆಲ," ಅಂದ,
"ಅಡ್ಡ ದಾಟುವವನಿಗೆ ಬೇರೇನು ಬೇಕು?"
ಆಮೇಲೆ ಆ ಗೆರೆಯ ಮೇಲೆ ಉಗುರಿಟ್ಟು:
"ಏಪ್ರಿಲ್‌ನಲ್ಲಿ ಗಡ್ಡೆ ದಡ ಬಿಡುವಾಗ
ಮೊದಲ ಸೀಳು ಇಷ್ಟೇ ಇರುತ್ತೆ.
ನಾವು ಹಲಗೆ ಹಾಕೋದು ಅಲ್ಲೇ."

ಅವನು ಹೋದ ಮೇಲೆ, ವಿವರಣೆಯ ಪುಟದಲ್ಲಿ,
ಅಲ್ಲಿ ಕೇಳುವವರಿಲ್ಲ,
ಎಂಟೂ ಚುಕ್ಕಿ ಇಟ್ಟಳು.
ಇವತ್ತಿನ ಅಳತೆ ತುಂಬಿ ಗುಂಡಿ ಒತ್ತಿದಳು.
ಹೌದು ಎಂಬ ಹೆಸರು ಹೊತ್ತದ್ದು
ಮೊದಲ ಮಾತು ಆಡಿತು:
ಹತ್ತೊಂಬತ್ತು ಸೆಂಟಿಮೀಟರ್.
ಇನ್ನೂ ಬೇಡ.