ಗಡಸು

ಗ್ಲಾಸ್ಗೋದ ನೀರು ಮೆದು.
ಹತ್ತು ವರ್ಷದ ಕೆಟಲಿನ ತಳದಲ್ಲೂ
ಒಂದು ಬಿಳಿ ಚುಕ್ಕೆಯಿಲ್ಲ.
‘ಲೋಕದಲ್ಲೇ ಒಳ್ಳೇ ನೀರು’ ಅನ್ನುತ್ತಾನೆ
ಕೆಳಮನೆಯ ಮೆಕ್‌ಗ್ಯಾರಿಗಲ್,
ನಲವತ್ತು ವರ್ಷ ನಲ್ಲಿ ರಿಪೇರಿ ಮಾಡಿದವನು.
ಗಾಜಿನ ತೊಟ್ಟಿ ಕೊಟ್ಟವನೂ ಅವನೇ.

ಆರು ವಾರ ಬರೀ ನೀರು ಸಾಕಿದೆ,
ಕೊಳವೆಯಲ್ಲಿ ಅಮೋನಿಯಾದ ಹಸಿರು
ಹಳದಿಗೆ ಇಳಿಯುವ ತನಕ.
ಆಮೇಲೆ ಹನ್ನೆರಡು ಸಿಗಡಿ,
ಕುಂಕುಮ ಹತ್ತಿದ ಅಕ್ಕಿಕಾಳಿನಂಥವು.

ಮೂರನೇ ದಿನ ಒಂದು ಸತ್ತಿತು.
ಬೆನ್ನ ಸುತ್ತ ಬಿಳಿ ಉಂಗುರ,
ಪೊರೆ ಅರ್ಧ ಬಿರಿದು ಅರ್ಧ ಬಿಡದೆ,
ಬಿಗಿ ಅಂಗಿ ಕಳಚುವಾಗ
ಕತ್ತಲ್ಲಿ ಸಿಕ್ಕಿಕೊಂಡ ಮಗುವಿನ ಹಾಗೆ.
ಐದನೇ ದಿನ ಇನ್ನೆರಡು.

ಹನಿ ಎಣಿಸಿದೆ. ಎರಡನೆಯದಕ್ಕೇ
ಕಿತ್ತಳೆ ಹಸಿರಾಯಿತು. ಆರಾದರೂ ಬೇಕಿತ್ತು.
ಚಿಪ್ಪು ಕಟ್ಟಲು ಸುಣ್ಣವೇ ಇಲ್ಲ ಈ ನೀರಲ್ಲಿ.

ನಗು ಬಂತು.
ರಾಯಚೂರಿನ ಬಾಡಿಗೆಮನೆಯಲ್ಲಿ
ಅಮ್ಮ ನೀರಿಗೆ ಶಾಪ ಹಾಕದ ದಿನವಿಲ್ಲ:
ಬೇಳೆ ಬೇಯದು, ಸೋಪು ನೊರೆಯಾಗದು,
ಕೂದಲೋ ತೆಂಗಿನ ನಾರು.
ಆ ಗಡಸನ್ನೇ ಈಗ
ಒಂಬತ್ತು ಪೌಂಡ್ ತೆತ್ತು ಡಬ್ಬಿಯಲ್ಲಿ ತಂದು
ಕಾಲು ಚಮಚ ಬಕೆಟ್ಟಿಗೆ ಕದಡಿ
ತೊಟ್ಟು ತೊಟ್ಟಾಗಿ ಬಿಡುತ್ತೇನೆ, ಇಡೀ ಮಧ್ಯಾಹ್ನ.
ಅವಸರಕ್ಕೂ ಸಾಯುತ್ತವಂತೆ.
ಮೂಲೆಯಲ್ಲೊಂದು ಚೂರು ಕಡಲ ನಾಲಿಗೆ.

ಮೆಕ್‌ಗ್ಯಾರಿಗಲ್ ಬಂದ. ಡಬ್ಬಿ ಮೂಸಿದ.
‘ನಮ್ಮ ನೀರಲ್ಲಿ ಏನಿದೆ ಅಂತ ಇದೆಲ್ಲ?’
‘ಏನೂ ಇಲ್ಲ, ಅದೇ ತೊಂದರೆ’ ಅಂದೆ.
ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಇವತ್ತು ಪಾಚಿಯ ನಡುವೆ ಇನ್ನೊಂದು ಹೆಣ.
ಚಮಚದಲ್ಲಿ ಮುಟ್ಟಿದರೆ ತೂಕವೇ ಇಲ್ಲ:
ಮೀಸೆ ಸಮೇತ ಖಾಲಿ ಅಂಗಿ.
ಎಣಿಸಿದೆ. ಒಂಬತ್ತು.
ಮತ್ತೆ ಎಣಿಸುವಷ್ಟರಲ್ಲಿ ಒಂದು ಬಂದು
ಆ ಅಂಗಿಯ ತೋಳು
ಮೆಲ್ಲತೊಡಗಿತ್ತು.