ಗುಂಡಿ

ಬಿತೊಮ್ ಊರಲ್ಲಿ ಚಿಮಣಿ ಗುಡಿಸುವವರು ಎದುರಾದರೆ
ಜನ ತಟ್ಟನೆ ಅಂಗಿಯ ಗುಂಡಿ ಹಿಡಿದುಕೊಳ್ಳುತ್ತಾರೆ,
ಅದೃಷ್ಟವಂತೆ.
ಮೂರನೇ ಮಹಡಿಯ ಹಿಲ್ಡೆಗಾರ್ಡಾ ಬಾಗಿಲು ತೆರೆದವಳೇ
ಎದೆ ತಡಕಿದಳು. ಸ್ವೆಟರಿಗೆ ಇದ್ದದ್ದು ಪಿನ್ನು.
"ಅದೂ ನಡೆಯುತ್ತೆ" ಎಂದ ನನ್ನ ಗುರು ಗಿಂಟರ್,
ಬೂಟಿನ ಮಸಿ ಒರೆಸುತ್ತ.

ಎರಡು ದಿನದಿಂದ ತಲೆನೋವಂತೆ.
ಬಚ್ಚಲಿಗೆ ಹೋದಾಗಲೆಲ್ಲ ಕಾಲು ಹತ್ತಿಯಾಗುತ್ತಂತೆ.
ಜನವರಿಯೇ ಹಾಗೆ, ಎಂದಳು.
ಗೋಡೆಯ ಗೀಸರಿನೊಳಗೆ
ನೀಲಿ ಇರಬೇಕಾದ ನಾಲಗೆ
ಹಳದಿಯಾಗಿ ತೊದಲುತ್ತಿತ್ತು.
ಗಾಜಿನ ಮೇಲೆ ನೀರು, ಇಳಿದಿಳಿದು.

ಗಿಂಟರ್ ಒಂದು ಹನಿ ಬೆರಳಿಗೆ ತೆಗೆದ:
"ಇದು ಬೆಂಕಿ ಹೆತ್ತ ನೀರು, ಹುಡುಗಿ.
ಗ್ಯಾಸಿನ ಹೊಟ್ಟೆಯಲ್ಲಿ ಜಲಜನಕ. ಉರಿದರೆ ನೀರೇ.
ಚಿಮಣಿ ಹತ್ತಿ ಹೋಗಬೇಕಾದ್ದು
ಇಲ್ಲೇ ಕೂತು ಅಳುತ್ತಿದೆ ಅಂದಮೇಲೆ
ಜೊತೆಗೆ ಹುಟ್ಟಿದವನು ಎಲ್ಲಿ?"

ಜೊತೆಗೆ ಹುಟ್ಟಿದವನು ಇಂಗಾಲದ ಮಗ.
ಗಾಳಿ ಧಾರಾಳ ಸಿಕ್ಕರೆ
ಎರಡು ಆಮ್ಲಜನಕದ ಕೈ ಹಿಡಿದು ಸಭ್ಯನಾಗಿ ಹೊರಟುಹೋಗುತ್ತಾನೆ.
ಗಾಳಿಗೆ ಬರ ಬಂದರೆ ಒಂದೇ ಕೈ.
ಬಣ್ಣವಿಲ್ಲ, ವಾಸನೆಯಿಲ್ಲ,
ನೆತ್ತರಲ್ಲಿ ಉಸಿರಿಗೆಂದು ಹಾಕಿದ ಮಣೆಯ ಮೇಲೆ ತಾನು ಕೂತು
ಏಳು ಅಂದರೆ ಏಳುವುದಿಲ್ಲ.
ಬೆಂಕಿಯಿಲ್ಲದೆ ಹೊಗೆಯಾಡದು, ಸರಿ.
ಹೊಗೆಯೇ ಆಡದ ಬೆಂಕಿಗೆ ಗಾದೆ ಯಾರು ಕಟ್ಟಿದರು?
ಇಲ್ಲಿಯವರು 'ಚಾದ್' ಅನ್ನುತ್ತಾರೆ,
ಪಕ್ಕದ ಮನೆಯವನನ್ನು ಕರೆದಂತೆ.

ಮೀಟರು ಚೀರಿತು.
ಗ್ಯಾಸ್ ಬಂದ್, ಕಿಟಕಿ ತೆರೆ, ಮುದುಕಿ ಮೆಟ್ಟಿಲ ಮೇಲೆ,
ಅವಳ ಮೊಣಕಾಲಿಗೆ ನನ್ನ ಕೋಟು.

ಗಾಳಿಜಾಲರಿಯಲ್ಲಿ ತುರುಕಿದ್ದು ಎರಡು ಉಣ್ಣೆಯ ಕಾಲುಚೀಲ.
ಗಂಡ ರೈನ್‌ಹೋಲ್ಡನವು. ಇಪ್ಪತ್ತೆಂಟು ವರ್ಷ ಗುಂಡಿಗಿಳಿದು
ಊರಿಗೆಲ್ಲ ಕಲ್ಲಿದ್ದಲು ತೆಗೆದವನು.
"ಚಳಿ ಅಲ್ಲಿಂದಲೇ ಬರ್ತಿತ್ತು" ಎಂದಳು, ಸಣ್ಣ ದನಿಯಲ್ಲಿ.

ಮಾಡಿನ ಮೇಲಿಂದ ನಾನು ಕುಂಚ ಇಳಿಬಿಟ್ಟೆ.
ಏನೋ ತಡೆಯಿತು, ಒತ್ತಿದೆ, ಕುಸಿಯಿತು:
ಪುಟ್ಟ ಕಾಗೆಗಳ ಹೋದ ವರ್ಷದ ಗೂಡು.
ಒಣಕಡ್ಡಿ, ಕುರಿಯ ತುಪ್ಪಳ, ಹರಿದ ಲಾಟರಿ ಚೀಟಿ.
ಬಕೆಟ್ಟಿನ ತುಂಬ ಉರಿಯದೇ ಉಳಿದ ಸೌದೆ.

ಗಾಳಿ ಆಡಿ ಮುಗಿದ ಮೇಲೆ ಗಿಂಟರ್ ಕಡ್ಡಿ ಗೀರಿ
ಜಾಲರಿಗೆ ಹಿಡಿದ. ಜ್ವಾಲೆ ಒಳಕ್ಕೆ ಬಾಗಿತು,
ಹೊಸ ಸೊಸೆಯ ಹಾಗೆ.
"ಉರಿಗೂ ಉಸಿರು ಬೇಕಲ್ಲ, ಅಮ್ಮ."
ಆಕೆ ತಲೆಯಾಡಿಸಿ ಕೈ ಚಾಚಿದಳು:
ಆ ಕಾಲುಚೀಲ ಇತ್ತ ಕೊಡಿ.
ಮಸಿಯ ಸಮೇತ ಹಾಕಿಕೊಂಡಳು.

ಮೆಟ್ಟಿಲಿಳಿಯುವಾಗ ನೋಡಿಕೊಂಡೆ,
ನನ್ನ ಎಡಗೈ ಯಾವಾಗಿನಿಂದಲೋ
ಸಮವಸ್ತ್ರದ ಹಿತ್ತಾಳೆ ಗುಂಡಿ
ಹಿಡಿದುಕೊಂಡೇ ಇತ್ತು.